ಮನೆಯಲ್ಲೇ ಕೂತು ಓಎಸ್ ಕಲಿಯುವುದು: ಎಕ್ಸ್‌ವಿ6 ಲ್ಯಾಬ್‌ಗಳು ಕೈಕೊಡುವ ಜಾಗಗಳು

ವಿಟಿಯುವಿನ ಓಎಸ್ (ಆಪರೇಟಿಂಗ್ ಸಿಸ್ಟಮ್) ಲ್ಯಾಬ್ ಮುಗಿಸಿದವರನ್ನು ಕೇಳಿ ನೋಡಿ. ಬ್ಯಾಂಕರ್ಸ್ ಅಲ್ಗಾರಿದಮ್, ಎಲ್ಆರ್‌ಯು, ರೌಂಡ್ ರಾಬಿನ್ ಎಲ್ಲವನ್ನೂ ಬರೆದಿರುತ್ತಾರೆ. ಆದರೆ ಅವೆಲ್ಲ ಅರೇಗಳ ಮೇಲೆ ಲೂಪ್ ಓಡಿಸುವ ಸಾಮಾನ್ಯ ಸಿ ಪ್ರೋಗ್ರಾಮ್‌ಗಳು. ಓಎಸ್‌ನ ತಿರುಳಾದ ಕರ್ನೆಲ್‌ನ ಒಂದು ಸಾಲನ್ನೂ ಅವು ಮುಟ್ಟುವುದಿಲ್ಲ. ಪೇಜ್ ಫಾಲ್ಟ್ (ಮೆಮೊರಿಯ ಪುಟ ಸಿಗದಿದ್ದಾಗ ಅಥವಾ ಅದಕ್ಕೆ ಅನುಮತಿ ಇಲ್ಲದಾಗ ಪ್ರೊಸೆಸರ್ ಎಬ್ಬಿಸುವ ತಕರಾರು) ಎಂದರೇನು ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆಯಬಲ್ಲವರು ನಿಜವಾದ ಪೇಜ್ ಫಾಲ್ಟ್ ಒಂದನ್ನು ಕಣ್ಣಾರೆ ಕಂಡಿರುವುದಿಲ್ಲ. ಆ ಕೊರತೆ ತುಂಬಿಕೊಳ್ಳಲು ಪುಕ್ಕಟೆ ಸಿಗುವ ಆನ್‌ಲೈನ್ ಕೋರ್ಸ್‌ಗಳಲ್ಲಿ ನನ್ನ ಮೊದಲ ಆಯ್ಕೆ ಎಂಐಟಿಯ ಓಎಸ್ ಕೋರ್ಸ್. ಈಗಿನ ಸಂಖ್ಯೆ 6.1810, ಅದಕ್ಕೂ ಮೊದಲು 6.ಎಸ್081.

ಇದರ ಜೀವಾಳ ಎಕ್ಸ್‌ವಿ6 ಎಂಬ ಪುಟ್ಟ ಕರ್ನೆಲ್. 1975ರ ಯುನಿಕ್ಸ್ ಆರನೇ ಆವೃತ್ತಿಯ ಮಾದರಿಯಲ್ಲಿ 2006ರಲ್ಲಿ ಎಕ್ಸ್86 ಮೇಲೆ ಹೊಸದಾಗಿ ಬರೆದದ್ದು, 2019ರಲ್ಲಿ ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸಕ್ಕೆ ಬಂತು. ಓದಲು ಪುಸ್ತಕ, 2020ರ ತರಗತಿಗಳ ವಿಡಿಯೊ, ಲ್ಯಾಬ್‌ಗಳು, ಅವುಗಳನ್ನು ತಿದ್ದುವ ಸ್ಕ್ರಿಪ್ಟ್, ಎಲ್ಲವೂ ಬಹಿರಂಗವಾಗಿವೆ. ಸರ್ಟಿಫಿಕೇಟ್ ಮಾತ್ರ ಸಿಗದು. ಅದು ಬೇಕಿದ್ದರೆ ಐಐಟಿಗಳ ಆನ್‌ಲೈನ್ ಕೋರ್ಸ್ ವೇದಿಕೆ ಎನ್‌ಪಿಟಿಇಎಲ್‌ನ ದಾರಿ: ಅಸೈನ್‌ಮೆಂಟ್‌ಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಎರಡನ್ನೂ ಜೊತೆಗೆ ಮಾಡಬಹುದು, ಆದರೆ ಒಂದೇ ಸೆಮಿಸ್ಟರ್‌ನಲ್ಲಿ ಬೇಡ.

ಮೊದಲು ವರ್ಷ ನಿರ್ಧರಿಸಿಕೊಳ್ಳಿ. ಲ್ಯಾಬ್‌ಗಳು ಪ್ರತಿವರ್ಷ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ವಿಡಿಯೊಗಳು 2020ರವು, ಆ ವರ್ಷ ಲೇಜಿ ಅಲೊಕೇಶನ್ (ಮೆಮೊರಿಯನ್ನು ಬೇಕಾದಾಗ ಮಾತ್ರ ಕೊಡುವುದು) ಎಂಬ ಲ್ಯಾಬ್ ಬೇರೆಯೇ ಇತ್ತು, 2021ರಲ್ಲಿ ಅದನ್ನು ತೆಗೆದರು. 2020ರ ಪೇಜ್ ಟೇಬಲ್ ಲ್ಯಾಬ್ ಅಂತೂ ಪ್ರತಿ ಪ್ರೋಸೆಸ್‌ಗೂ ಪ್ರತ್ಯೇಕ ಕರ್ನೆಲ್ ಪೇಜ್ ಟೇಬಲ್ (ಯಾವ ವಿಳಾಸಕ್ಕೆ ಯಾವ ಮೆಮೊರಿ ಪುಟ ಎಂದು ಹೇಳುವ ಪಟ್ಟಿ) ಕಟ್ಟಿಸುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಮಾಡುವವರು ಕೋರ್ಸನ್ನು ಅಲ್ಲೇ ಬಿಟ್ಟರೂ ಆಶ್ಚರ್ಯವಿಲ್ಲ. ಮರುವರ್ಷ ಅದನ್ನು ಹಗುರ ಮಾಡಿದರು. ವಿಡಿಯೊ 2020ರದು, ಲ್ಯಾಬ್ 2021 ಅಥವಾ 2023ರದು ಎಂದು ಇಟ್ಟುಕೊಂಡರೆ ತೊಂದರೆಯಿಲ್ಲ. ಒಂದು ವರ್ಷದ ಲ್ಯಾಬ್‌ಗೆ ಇನ್ನೊಂದು ವರ್ಷದ ಸೂಚನೆ ಓದುವುದು ಮಾತ್ರ ಬೇಡ.

ಉಬುಂಟುವಿನಲ್ಲಾದರೆ ಬೇಕಾದದ್ದು ಇಷ್ಟೇ: ಗಿಟ್, ಬಿಲ್ಡ್-ಎಸೆನ್ಷಿಯಲ್, ಜಿಡಿಬಿ-ಮಲ್ಟಿಆರ್ಚ್ (ಡಿಬಗ್ಗರ್), ಕ್ಯೂಎಮು-ಸಿಸ್ಟಮ್-ಮಿಸ್ಕ್ (ರಿಸ್ಕ್-ಫೈವ್ ಯಂತ್ರವನ್ನು ಅನುಕರಿಸುವ ಕ್ಯೂಎಮು ಇದರಲ್ಲಿದೆ), ಮತ್ತು ರಿಸ್ಕ್-ಫೈವ್ 64 ಬಿಟ್‌ನ ಜಿಸಿಸಿ, ಬಿನ್‌ಯುಟಿಲ್ಸ್. ವಿಂಡೋಸ್‌ನವರು ಡಬ್ಲ್ಯುಎಸ್ಎಲ್2 (ವಿಂಡೋಸ್ ಒಳಗಿನ ಲಿನಕ್ಸ್) ಹಾಕಿಕೊಂಡು ಅದರೊಳಗೆ ಇದನ್ನೇ ಮಾಡಬೇಕು. ಕೋಡನ್ನು ಸಿ ಡ್ರೈವ್‌ನಲ್ಲಿ ಇಡಬೇಡಿ, ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲೇ ಇಡಿ. ಅತ್ತಿಂದಿತ್ತ ಫೈಲ್ ಓದುವುದು ಎಷ್ಟು ನಿಧಾನವೆಂದರೆ ಒಂದು ಮೇಕ್ ಮುಗಿಯುವುದರೊಳಗೆ ಕಾಫಿ ಆರಿಹೋಗುತ್ತದೆ.

ಕೋಡ್ ಇಳಿಸಿಕೊಳ್ಳುವಾಗ ಮೊದಲ ಮುಗ್ಗರಿಕೆ. ಎಂಐಟಿ ಕೊಡುವ ವಿಳಾಸ ಗಿಟ್‌ನ ಸ್ವಂತ ಪ್ರೋಟೋಕಾಲ್‌ನದು, ಅದು 9418ನೇ ಪೋರ್ಟ್ ಬಳಸುತ್ತದೆ. ಕಾಲೇಜು ಅಥವಾ ಆಫೀಸಿನ ವೈಫೈಯಲ್ಲಿ ಆ ಪೋರ್ಟ್ ಮುಚ್ಚಿದ್ದರೆ ಕ್ಲೋನ್ ಏನನ್ನೂ ಹೇಳದೆ ಸುಮ್ಮನೆ ನಿಂತುಬಿಡುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿ.

ಎರಡನೆಯದು ಹಳೆಯ ಕೋಡಿಗೂ ಹೊಸ ಟೂಲ್‌ಗಳಿಗೂ ಇರುವ ಜಗಳ. ಜಿಸಿಸಿ 12ರಿಂದ ಈಚೆಗೆ ಶೆಲ್‌ನ ರನ್‌ಸಿಎಂಡಿ ಫಂಕ್ಷನ್ ಕಂಡರೆ ಕಂಪೈಲರ್ ‘ಕೊನೆಯಿಲ್ಲದ ರಿಕರ್ಶನ್’ ಎಂದು ಎಚ್ಚರಿಸುತ್ತದೆ. ಮೇಕ್‌ಫೈಲ್‌ನಲ್ಲಿ ಎಲ್ಲ ಎಚ್ಚರಿಕೆಗಳನ್ನೂ ಎರರ್ ಎಂದೇ ಎಣಿಸುವ ಫ್ಲ್ಯಾಗ್ ಇರುವುದರಿಂದ ಬಿಲ್ಡ್ ನಿಲ್ಲುತ್ತದೆ. ಆ ಫಂಕ್ಷನ್‌ಗೆ ‘ನೋರಿಟರ್ನ್’ ಆಟ್ರಿಬ್ಯೂಟ್ ಸೇರಿಸಿದರೆ ಮುಗಿಯಿತು. 2020ರ ಕೋಡಿನಲ್ಲಿ ಇನ್ನೊಂದು ತೊಡಕು: ಹೊಸ ಕ್ಯೂಎಮುವಿನಲ್ಲಿ ಓಡಿಸಿದರೆ ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ. ಫಿಸಿಕಲ್ ಮೆಮೊರಿ ಪ್ರೊಟೆಕ್ಷನ್ ರಿಜಿಸ್ಟರ್‌ಗಳನ್ನು ಆ ಕೋಡ್ ತುಂಬುತ್ತಿರಲಿಲ್ಲ. ಹಳೆಯ ಕ್ಯೂಎಮು ಅದನ್ನು ಕೇಳುತ್ತಿರಲಿಲ್ಲ, ಹೊಸದು ಕೇಳುತ್ತದೆ, ಹೀಗಾಗಿ ಕರ್ನೆಲ್ ಓಡುವ ಸೂಪರ್‌ವೈಸರ್ ಮೋಡ್‌ಗೆ ಇಳಿದ ಕೂಡಲೇ ಎಲ್ಲ ಮೆಮೊರಿಗೂ ನಿಷೇಧ. ಮುಂದಿನ ವರ್ಷಗಳ ಸ್ಟಾರ್ಟ್ ಫೈಲ್‌ನಲ್ಲಿ ಇದಕ್ಕೆಂದೇ ಇರುವ ಎರಡು ಸಾಲನ್ನು ತಂದು ಸೇರಿಸಿ.

ಕ್ಯೂಎಮುವಿನಿಂದ ಹೊರಬರಲು ಕಂಟ್ರೋಲ್-ಎ ಒತ್ತಿ ಬಿಟ್ಟು ಆಮೇಲೆ ಎಕ್ಸ್. ಕಂಟ್ರೋಲ್-ಸಿ ಒತ್ತುತ್ತಾ ಕೂತರೆ ಉಪಯೋಗವಿಲ್ಲ.

ವಿಡಿಯೊ ನೋಡಿ, ನೋಟ್ಸ್ ಮಾಡಿ, ಆಮೇಲೆ ಲ್ಯಾಬ್ ಎನ್ನುವ ನಮ್ಮ ರೂಢಿಯನ್ನು ಇಲ್ಲಿ ತಿರುಗುಮುರುಗು ಮಾಡಬೇಕು. ಪುಸ್ತಕದ ಅಧ್ಯಾಯವನ್ನು ಕೋಡ್ ಪಕ್ಕದಲ್ಲಿಟ್ಟುಕೊಂಡು ಓದಿ, ಲ್ಯಾಬ್ ಶುರು ಮಾಡಿ, ಸಿಕ್ಕಿಬಿದ್ದ ಮೇಲೆ ವಿಡಿಯೊ ನೋಡಿ. ಆಗ ಮೇಷ್ಟ್ರು ಹೇಳುವ ಒಂದೊಂದು ಮಾತೂ ನಿಮ್ಮ ಬಗ್‌ಗೇ ಹೇಳಿದಂತೆ ಕೇಳಿಸುತ್ತದೆ. ಗಿಟ್‌ಹಬ್‌ನಲ್ಲಿ ಉತ್ತರಗಳು ರಾಶಿ ರಾಶಿ ಬಿದ್ದಿವೆ. ಒಮ್ಮೆ ಇಣುಕಿದರೆ ಆ ಲ್ಯಾಬ್ ಕೆಟ್ಟಂತೆಯೇ.

ಲ್ಯಾಬ್‌ಗಳಲ್ಲೆಲ್ಲ ಕಲಿಸುವುದರಲ್ಲಿ ಮುಂದಿರುವುದು ಕಾಪಿ-ಆನ್-ರೈಟ್. ಬರೆಯಬೇಕಾದ ಸಾಲುಗಳು ಕಡಿಮೆ, ಆದರೆ ಒಂದೊಂದೂ ಕರ್ನೆಲ್‌ನ ಬೇರೆ ಬೇರೆ ಮೂಲೆಯಲ್ಲಿ.

ಎಕ್ಸ್‌ವಿ6ನಲ್ಲಿ ಹೊಸ ಪ್ರೋಸೆಸ್ ಹುಟ್ಟಿಸುವ ಫೋರ್ಕ್, ತಂದೆ ಪ್ರೋಸೆಸ್‌ನ ಪ್ರತಿ ಪುಟವನ್ನೂ ಮಗುವಿಗೆ ನಕಲು ಮಾಡಿಕೊಡುತ್ತದೆ. ಇದನ್ನು ಯುವಿಎಂಕಾಪಿ ಎಂಬ ಫಂಕ್ಷನ್ ನೋಡಿಕೊಳ್ಳುತ್ತದೆ. ಮಗು ಮರುಕ್ಷಣವೇ ಎಕ್ಸೆಕ್ ಮಾಡಿ ಬೇರೆ ಪ್ರೋಗ್ರಾಮ್ ಓಡಿಸಿದರೆ ಆ ನಕಲೆಲ್ಲ ದಂಡ. ಅದರ ಬದಲು ಇಬ್ಬರಿಗೂ ಅದೇ ಪುಟವನ್ನು ತೋರಿಸಿ, ಇಬ್ಬರ ಪೇಜ್ ಟೇಬಲ್‌ನಲ್ಲೂ ಬರೆಯುವ ಅನುಮತಿ ಕಿತ್ತುಕೊಳ್ಳಬೇಕು. ಯಾರಾದರೂ ಬರೆಯಹೋದರೆ ಪ್ರೊಸೆಸರ್ ಪೇಜ್ ಫಾಲ್ಟ್ ಎಬ್ಬಿಸುತ್ತದೆ, ಕಾರಣ ಹೇಳುವ ಎಸ್‌ಕಾಸ್ ರಿಜಿಸ್ಟರ್‌ನಲ್ಲಿ 15 ಇರುತ್ತದೆ, ಬರೆಯಹೋದ ವಿಳಾಸ ಎಸ್‌ಟಿವಾಲ್‌ನಲ್ಲಿ. ಇಂಥ ಫಾಲ್ಟ್‌ಗಳು ಬಂದು ಸೇರುವ ಯೂಸರ್‌ಟ್ರ್ಯಾಪ್ ಫಂಕ್ಷನ್‌ನಲ್ಲಿ ಅದನ್ನು ಹಿಡಿದು, ಹೊಸ ಪುಟ ತೆಗೆದು, 4096 ಬೈಟ್ ನಕಲಿಸಿ, ಬರೆಯುವ ಅನುಮತಿ ಕೊಟ್ಟು ವಾಪಸ್ ಕಳಿಸಬೇಕು.

ಮೂಲದಲ್ಲೇ ಓದಲು ಮಾತ್ರ ಇದ್ದ ಪುಟಕ್ಕೂ ಹಂಚಿಕೊಂಡ ಪುಟಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಪೇಜ್ ಟೇಬಲ್ ಎಂಟ್ರಿಯ 8 ಮತ್ತು 9ನೇ ಬಿಟ್‌ಗಳನ್ನು ರಿಸ್ಕ್-ಫೈವ್ ಸಾಫ್ಟ್‌ವೇರ್‌ಗೆಂದೇ ಬಿಟ್ಟಿದೆ, ಒಂದನ್ನು ಗುರುತಿಗೆ ಇಟ್ಟುಕೊಳ್ಳಿ. ಬರೆಯುವ ಅನುಮತಿ ಮೊದಲೇ ಇದ್ದ ಪುಟಕ್ಕೆ ಮಾತ್ರ ಈ ಗುರುತು. ಎಲ್ಲ ಪುಟಕ್ಕೂ ಹಚ್ಚಿದರೆ ಪ್ರೋಗ್ರಾಮ್ ತನ್ನ ಕೋಡನ್ನೇ ತಿದ್ದಿಕೊಳ್ಳಲು ದಾರಿ ಮಾಡಿಕೊಟ್ಟಂತೆ. 2023ರ ಕೋಡಿನ ಜೊತೆ ಬರುವ ಯೂಸರ್‌ಟೆಸ್ಟ್ಸ್ ಎಂಬ ಪರೀಕ್ಷಾ ಪ್ರೋಗ್ರಾಮ್‌ನ ಟೆಕ್ಸ್ಟ್‌ರೈಟ್ ಪರೀಕ್ಷೆ ಅದನ್ನು ಹಿಡಿಯುತ್ತದೆ.

ಪುಟವನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬ ಲೆಕ್ಕವೂ ಬೇಕು. ಯಂತ್ರಕ್ಕೆ 128 ಎಂಬಿ ಮೆಮೊರಿ, ಅಂದರೆ 32,768 ಪುಟ. ಪುಟಕ್ಕೊಂದು ಇಂಟ್ ಇಟ್ಟರೆ 128 ಕೆಬಿ ಅರೇ. ಪುಟ ಕೊಡುವ ಕೆಅಲಾಕ್ ಆ ಪುಟದ ಲೆಕ್ಕವನ್ನು 1 ಮಾಡಬೇಕು, ಯುವಿಎಂಕಾಪಿ ಏರಿಸಬೇಕು, ಪುಟ ವಾಪಸ್ ಪಡೆಯುವ ಕೆಫ್ರೀ ಇಳಿಸಿ ಸೊನ್ನೆಗೆ ಬಂದಾಗ ಮಾತ್ರ ಪುಟ ಬಿಡಬೇಕು.

ಇಲ್ಲೇ ಮೊದಲ ಬಲಿ. ಬೂಟ್ ಆಗುವಾಗ ಕೆಇನಿಟ್ ಎಲ್ಲ ಪುಟಗಳನ್ನೂ ಫ್ರೀ ಲಿಸ್ಟ್‌ಗೆ ಸೇರಿಸುವುದು ಕೆಫ್ರೀ ಕರೆದೇ. ಆಗ ಲೆಕ್ಕ ಸೊನ್ನೆ, ಇಳಿಸಿದರೆ ಮೈನಸ್ 1. ‘ಸೊನ್ನೆಯಲ್ಲದಿದ್ದರೆ ಬಿಡಬೇಡ’ ಎಂದು ಬರೆದಿದ್ದರೆ ಒಂದು ಪುಟವೂ ಲಿಸ್ಟ್ ಸೇರುವುದಿಲ್ಲ. ಕರ್ನೆಲ್ ಬೂಟ್ ಆಗುತ್ತಿದೆ ಎಂಬ ಒಂದು ಸಾಲು ಬಂದು ಅಲ್ಲೇ ಸ್ತಬ್ಧ, ಪ್ಯಾನಿಕ್ (ಕರ್ನೆಲ್ ಕೈಚೆಲ್ಲಿತು ಎಂಬ ಸಂದೇಶ) ಕೂಡ ಇಲ್ಲ, ಏಕೆಂದರೆ ಫಾಲ್ಟ್‌ಗಳನ್ನು ಹಿಡಿಯುವ ಟ್ರ್ಯಾಪ್ ವ್ಯವಸ್ಥೆ ಇನ್ನೂ ಸಿದ್ಧವಾಗಿರುವುದಿಲ್ಲ. ಕೆಇನಿಟ್ ಬಳಸುವ ಫ್ರೀರೇಂಜ್‌ನಲ್ಲಿ ಕೆಫ್ರೀ ಕರೆಯುವ ಮುಂಚೆ ಲೆಕ್ಕವನ್ನು 1 ಮಾಡಿ.

ಎರಡನೆಯ ಬಲಿ ಲಾಕ್, ಅಂದರೆ ಒಂದು ಸಲಕ್ಕೆ ಒಬ್ಬರೇ ಲೆಕ್ಕ ಮುಟ್ಟುವಂತೆ ಹಾಕುವ ಬೀಗ. ಎಕ್ಸ್‌ವಿ6 ಮಾಮೂಲಾಗಿ ಮೂರು ಸಿಪಿಯು ಮೇಲೆ ಓಡುತ್ತದೆ. ಲಾಕ್ ಹಿಡಿದು ಲೆಕ್ಕ ಇಳಿಸಿ, ಲಾಕ್ ಬಿಟ್ಟ ಮೇಲೆ ‘ಸೊನ್ನೆ ಆಯಿತೇ’ ಎಂದು ನೋಡಿದರೆ ಕೆಟ್ಟಿರಿ. ಎರಡು ಸಿಪಿಯು ಮೇಲಿರುವ ಇಬ್ಬರೂ ಇಳಿಸುತ್ತಾರೆ, ಇಬ್ಬರಿಗೂ ಸೊನ್ನೆ ಕಾಣುತ್ತದೆ, ಒಂದೇ ಪುಟ ಎರಡು ಸಲ ಫ್ರೀ ಲಿಸ್ಟ್ ಸೇರುತ್ತದೆ. ಮುಂದೆ ಯಾವಾಗಲೋ ಸಂಬಂಧವೇ ಇಲ್ಲದ ಇಬ್ಬರಿಗೆ ಅದೇ ಪುಟ ಹೋಗುತ್ತದೆ. ಲಾಕೇ ಇಲ್ಲದಿದ್ದರೆ ಉಲ್ಟಾ: ಇಬ್ಬರೂ 2 ಓದಿ ಇಬ್ಬರೂ 1 ಬರೆಯುತ್ತಾರೆ, ಪುಟ ಶಾಶ್ವತವಾಗಿ ಸೋರಿಹೋಗುತ್ತದೆ. ಈ ಲ್ಯಾಬ್‌ನ ಪರೀಕ್ಷಾ ಪ್ರೋಗ್ರಾಮ್ ಕೌಟೆಸ್ಟ್‌ನ ಮೊದಲ ಪರೀಕ್ಷೆ ಮೆಮೊರಿಯ ಮೂರನೇ ಎರಡು ಪಾಲನ್ನು ಹಿಡಿದು ಫೋರ್ಕ್ ಮಾಡುತ್ತದೆ, ಅದನ್ನೇ ಎರಡು ಸಲ ಓಡಿಸುವುದು ಪುಟಗಳು ವಾಪಸ್ ಬಂದವೇ ಎಂದು ನೋಡಲು. ಇಳಿಸುವುದು, ಪರೀಕ್ಷಿಸುವುದು ಎರಡೂ ಒಂದೇ ಲಾಕ್ ಒಳಗೆ ಇರಲಿ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಕಾಪಿಔಟ್. ರೀಡ್ ಸಿಸ್ಟಮ್ ಕಾಲ್ ಬಂದಾಗ ಯೂಸರ್‌ನ ಬಫರ್‌ಗೆ ಬರೆಯುವುದು ಕರ್ನೆಲ್, ಅದೂ ಫಿಸಿಕಲ್ ವಿಳಾಸ ಹುಡುಕಿ ನೇರವಾಗಿ. ಹಾಗಾಗಿ ಪೇಜ್ ಫಾಲ್ಟೇ ಆಗದು. ಹಳೆಯ ವರ್ಷಗಳ ಕೋಡಿನಲ್ಲಿ ಹಂಚಿಕೊಂಡ ಪುಟದ ಮೇಲೆ ಸದ್ದಿಲ್ಲದೆ ಬರೆದುಬಿಡುತ್ತದೆ, ಮಗು ಓದಿದ್ದು ತಂದೆಯ ಬಫರ್‌ನಲ್ಲೂ ಕಾಣಿಸುತ್ತದೆ. 2023ರ ಕೋಡ್ ಬರೆಯುವ ಅನುಮತಿ ನೋಡುವುದರಿಂದ ರೀಡ್ ವಿಫಲವಾಗುತ್ತದೆ. ಯೂಸರ್‌ಟ್ರ್ಯಾಪ್‌ನ ಕೆಲಸವನ್ನು ಪ್ರತ್ಯೇಕ ಫಂಕ್ಷನ್ ಮಾಡಿಕೊಂಡು ಎರಡೂ ಕಡೆಯಿಂದ ಕರೆಯಿರಿ. ಅದರ ಮೊದಲ ಸಾಲಿನಲ್ಲೇ ವಿಳಾಸ ಮೇಲಿನ ಮಿತಿಯಾದ ಮ್ಯಾಕ್ಸ್‌ವಿಎಯನ್ನು ಮುಟ್ಟಿದೆಯೇ, ದಾಟಿದೆಯೇ ನೋಡಿ. ಇಲ್ಲದಿದ್ದರೆ ಕೌಟೆಸ್ಟ್ ಪಾಸಾಗಿ, ಯೂಸರ್‌ಟೆಸ್ಟ್ಸ್‌ನಲ್ಲಿ ‘ಪ್ಯಾನಿಕ್: ವಾಕ್’ ಎಂದು ಇಡೀ ಕರ್ನೆಲ್ ಬೀಳುತ್ತದೆ.

ಬಗ್ ಹುಡುಕುವಾಗ ಸಿಪಿಯು ಸಂಖ್ಯೆಯನ್ನು 1ಕ್ಕೆ ಇಳಿಸಿ. ಆಗಲೂ ಬಂದರೆ ತರ್ಕದ ತಪ್ಪು, ಮೂರರಲ್ಲಿ ಮಾತ್ರ ಬಂದರೆ ಲಾಕ್‌ನ ತಪ್ಪು ಎಂದು ಅಲ್ಲಿಂದ ಶುರುಮಾಡಬಹುದು. ಟ್ರ್ಯಾಪ್ ಸಂದೇಶದಲ್ಲಿ ಎಸ್‌ಇಪಿಸಿ ಎಂದು ಕೊಟ್ಟ ವಿಳಾಸವನ್ನು ಕರ್ನೆಲ್ ಫೋಲ್ಡರ್‌ನ ಅಸೆಂಬ್ಲಿ ಫೈಲ್‌ನಲ್ಲಿ ಹುಡುಕಿದರೆ ಸಿ ಸಾಲೇ ಸಿಗುತ್ತದೆ. ವಿಳಾಸದ ಜಾಗದಲ್ಲಿ 05 05 05 ಎಂದು ಸಾಲುಗಟ್ಟಿದ್ದರೆ, ಈಗಷ್ಟೇ ಪಡೆದ ಪುಟಕ್ಕೆ ನೀವು ಏನೂ ತುಂಬಿಲ್ಲ ಎಂದರ್ಥ: ಕೆಅಲಾಕ್ ಪುಟಕ್ಕೆಲ್ಲ 5 ಬಳಿದು ಕೊಡುತ್ತದೆ. 01 01 01 ಇದ್ದರೆ ಬಿಟ್ಟ ಪುಟವನ್ನು ಇನ್ನೂ ಬಳಸುತ್ತಿದ್ದೀರಿ: ಕೆಫ್ರೀ ಬಳಿಯುವುದು 1. ಜಿಡಿಬಿ ತೆರೆಯುವ ಮುಂಚೆ ಈ ಎರಡು ಸಂಖ್ಯೆ ನೋಡಿಕೊಂಡರೆ ಅರ್ಧ ರಾತ್ರಿ ಉಳಿಯುತ್ತದೆ.

ಮೇಕ್ ಗ್ರೇಡ್‌ನಲ್ಲಿ ಪೂರ್ತಿ ಅಂಕಕ್ಕೆ ಒಂದೇ ಒಂದು ಕಡಿಮೆ ಬಂದರೆ ಗಾಬರಿಯಾಗಬೇಡಿ, ಎಷ್ಟು ಗಂಟೆ ಹಿಡಿಯಿತು ಎಂದು ಟೈಮ್ ಹೆಸರಿನ ಟೆಕ್ಸ್ಟ್ ಫೈಲ್‌ನಲ್ಲಿ ಒಂದು ಅಂಕಿ ಬರೆದಿಡುವುದು ಮರೆತಿದ್ದೀರಿ. ಮುಂದಿನ ಲ್ಯಾಬ್‌ಗೆ ಹೋಗುವ ಮುನ್ನ ಕಮಿಟ್ ಮಾಡಿ, ಬ್ರಾಂಚ್ ಬದಲಿಸಿ, ಮೇಕ್ ಕ್ಲೀನ್ ಓಡಿಸಿ. ಪ್ರತಿ ಲ್ಯಾಬ್‌ನ ಬ್ರಾಂಚೂ ಮೂಲ ಎಕ್ಸ್‌ವಿ6ನಿಂದಲೇ ಶುರುವಾಗುತ್ತದೆ, ನೀವು ಬರೆದ ಕಾಪಿ-ಆನ್-ರೈಟ್ ಅಲ್ಲಿ ಕಾಣುವುದಿಲ್ಲ. ಕಳೆದುಹೋಗಿಲ್ಲ, ಹಿಂದಿನ ಬ್ರಾಂಚ್‌ನಲ್ಲೇ ಇರುತ್ತದೆ.