ಅಂಕ ಹಂಚಿಕೊಂಡು ಬರೆದವರು

9 ನವೆಂಬರ್ 2023, ಗುರುವಾರ

ಇಂದು ಮತ್ತೆ ಫಿಲಿಪ್ ಹೆನ್ಸ್ಲೋನ ಲೆಕ್ಕದ ಪುಸ್ತಕ. ಲಂಡನ್ನಿನ ರೋಸ್ ರಂಗಮಂದಿರದ ಈ ಮಾಲೀಕ, ಅಡ್ಮಿರಲ್ ಎಂಬ ನಾಟಕ ತಂಡದ ಪರವಾಗಿ ನಾಟಕಕಾರರಿಗೆ ಕೊಟ್ಟ ಹಣವನ್ನು ಅದರಲ್ಲಿ ಬರೆದಿಟ್ಟ. ಅಚ್ಚಾದ ಪ್ರತಿಗಳ ಮುಖಪುಟ ಎಷ್ಟೋ ಸಲ ಒಬ್ಬನ ಹೆಸರಿಗೇ ನಿಲ್ಲುತ್ತದೆ. ಯಾರು ಯಾರೊಡನೆ ಬರೆದರೆಂದು ತಿಳಿಯಬೇಕಾದರೆ ಈ ಲೆಕ್ಕವನ್ನೇ ಓದಬೇಕು.

ಹೊಸ ನಾಟಕಕ್ಕೆ ಸುಮಾರು 6 ಪೌಂಡ್, ಅದೂ ಕಂತುಗಳಲ್ಲಿ. ಮೊದಲು ಕಥೆಯ ಹಂದರ ಒಪ್ಪಿಗೆಯಾಗಬೇಕು. 1597ರ ಡಿಸೆಂಬರ್ 3ರಂದು ಬೆನ್ ಜಾನ್ಸನ್ ತಂಡಕ್ಕೆ ಹಂದರ ತೋರಿಸಿ 20 ಶಿಲ್ಲಿಂಗ್, ಅಂದರೆ ಒಂದು ಪೌಂಡ್, ಪಡೆದ. ಮರುವರ್ಷ ಅಕ್ಟೋಬರಿನಲ್ಲಿ ‘ಬೆಂಜಮಿನನ ಹಂದರ’ದ (ಅಂದರೆ ಜಾನ್ಸನ್‌ನ ಹಂದರದ) ದುರಂತನಾಟಕವೊಂದರ ಎರಡು ಅಂಕಗಳ ಬಾಬ್ತು ಹಣ ಸಂದದ್ದು ಜಾರ್ಜ್ ಚಾಪ್‌ಮನ್‌ಗೆ. ಹಂದರ ಒಬ್ಬನದು, ಮಾತು ಇನ್ನೊಬ್ಬನದು!

ಹಂಚಿಕೆ ಅಂಕದ ಲೆಕ್ಕದಲ್ಲಿರಬಹುದು, ಕಥೆಯ ಎಳೆಯ ಲೆಕ್ಕದಲ್ಲೂ ಇರಬಹುದು. ಮಿಡಲ್‌ಟನ್ ಮತ್ತು ರೌಲಿ ಎಂಬ ಇಬ್ಬರು ಸೇರಿ ಬರೆದ 1622ರ ‘ದಿ ಚೇಂಜ್ಲಿಂಗ್’ ನಾಟಕದಲ್ಲಿ ಮುಖ್ಯಕಥೆಯ ಬಹುಭಾಗ ಮಿಡಲ್‌ಟನ್‌ನದು, ಹುಚ್ಚಾಸ್ಪತ್ರೆಯ ಉಪಕಥೆ, ಜೊತೆಗೆ ಮೊದಲ ಮತ್ತು ಕೊನೆಯ ದೃಶ್ಯಗಳು ರೌಲಿಯವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. 1624ರಲ್ಲಿ ಡೆಕರ್, ಫೋರ್ಡ್, ರೌಲಿ, ವೆಬ್‌ಸ್ಟರ್ ನಾಲ್ವರೂ ಸೇರಿ ಲಂಡನ್ನಿನ ಎರಡು ಹಸಿಹಸಿ ಸುದ್ದಿಗಳನ್ನು ಒಂದೇ ನಾಟಕವಾಗಿ ಹೆಣೆದರು: ತಾಯಿಯನ್ನು ಕೊಂದ ಮಗ, ಮೋಸದ ಮದುವೆಗೆ ಸಿಕ್ಕಿದ ವಿಧವೆ. ಸುದ್ದಿ ಹಳತಾಗುವ ಮೊದಲೇ ರಂಗಕ್ಕೆ ಬರಬೇಕಾದಾಗ ನಾಲ್ಕು ಕೈ ಬೇಕೇ ಬೇಕು. ನಾಟಕ ಉಳಿದಿಲ್ಲ, ಉಳಿದಿರುವುದು ಮುಂದೆ ಈ ನಾಟಕದ ವಿಷಯವೂ ಬಂದ ಮೊಕದ್ದಮೆಯಲ್ಲಿ ಡೆಕರ್ ಕೊಟ್ಟ ಹೇಳಿಕೆ. ಮೊದಲ ಅಂಕವಿದ್ದ ಎರಡು ಹಾಳೆ, ಕೊನೆಯ ದೃಶ್ಯದಲ್ಲಿ ತಾಯಿಯನ್ನು ಕೊಂದ ಹುಡುಗನ ಒಂದು ಮಾತು, ಇಷ್ಟು ತನ್ನದೆಂದ. ತನ್ನ ಪಾಲನ್ನು ನಾಟಕಕಾರನೇ ಹೀಗೆ ಅಳೆದು ಹೇಳಿದ್ದು ಬಲು ಅಪರೂಪ, ಅದಕ್ಕೇ ಈ ಸಾಕ್ಷ್ಯ ನನಗೆ ಅಮೂಲ್ಯ.

ಬೆಸುಗೆ ಬಿಡುವುದು ಎಲ್ಲಿ? ಹಲವರು ಸೇರಿ ಬರೆದ ‘ಸರ್ ಥಾಮಸ್ ಮೋರ್’ ನಾಟಕದ ಹಸ್ತಪ್ರತಿಯಲ್ಲಿ ಕಣ್ಣಾರೆ ಕಾಣುತ್ತದೆ. ದಂಗೆಯ ಭಾಗವನ್ನೇ ಬಿಡಿ ಎಂದು ಪರವಾನಗಿ ಅಧಿಕಾರಿ ಎಡ್ಮಂಡ್ ಟಿಲ್ನಿ ಬರೆದ. ತಿದ್ದುಪಡಿಗೆ ಹಲವು ಕೈ ಸೇರಿದವು. ಷೇಕ್ಸ್‌ಪಿಯರ್‌ನದೆಂದು ಹೆಚ್ಚಿನವರು ಒಪ್ಪುವ ಮೂರು ಪುಟಗಳಲ್ಲಿ ಗುಂಪಿನ ಕೆಲವು ಮಾತುಗಳಿಗೆ ಪಾತ್ರದ ಹೆಸರೇ ಇಲ್ಲ, ಬರೀ ‘ಇನ್ನೊಬ್ಬ’. ಆ ಹೆಸರುಗಳನ್ನು ತುಂಬಿದವನು ರಂಗಮಂದಿರದ ಲಿಪಿಕಾರ. ಗೋಜಲಾಗಿದ್ದ ಸುಮಾರು ಮೂರು ಸಾಲು ಹೊಡೆದುಹಾಕಿ, ಅರ್ಧ ಸಾಲಿನಲ್ಲಿ ಮಾತನ್ನು ಕೂಡಿಸಿದವನೂ ಅವನೇ. ಸಹಬರವಣಿಗೆಯ ಚರ್ಚೆಯಲ್ಲಿ ಈ ಲಿಪಿಕಾರನಿಗೂ ಒಂದು ಪಾಲು ಸಲ್ಲಬೇಕು.