ಊರಿನ ಹೆಸರು ಹಾಕದ ಫೋಟೋ

ಈ ವಾರ ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಶ್ರೀಗಂಧದ ಮರದ ಫೋಟೋ ಹಾಕಿದರು. ಎಲೆ ಸಣ್ಣಗಾಗಿ ಗೊಂಚಲು ಕಟ್ಟುತ್ತಿದೆ, ಸ್ಪೈಕ್ ರೋಗವೇ ಎಂದು ಕೇಳಿದ್ದರು. ರೋಗದ ಬಗ್ಗೆ ಯಾರೂ ಬಾಯಿ ಬಿಡುವ ಮೊದಲೇ ಒಬ್ಬ ಮ್ಯಾಪಿನ ಮೇಲೆ ಕೆಂಪು ಗುರುತಿನ ಸ್ಕ್ರೀನ್‌ಶಾಟ್ ಹಾಕಿದ: "ಅಣ್ಣಾ, ಮರ ಇರೋದು ನಿಮ್ಮ ಮನೆ ಹಿಂದಿನ ದರೆ ಮೇಲೆ ಅಲ್ವಾ?"

"ನಾನು ಊರಿನ ಹೆಸ್ರೇ ಹಾಕಿಲ್ವಲ್ಲೋ ಮಾರಾಯ" ಎಂದು ಅವರು ಬರೆದರು. ಅಷ್ಟೇ.

ಅವರು ನಿಜವಾಗಿಯೂ ಹಾಕಿರಲಿಲ್ಲ. ಎಲೆಯ ನರ ಸ್ಪಷ್ಟವಾಗಿ ಕಾಣಲಿ ಎಂದು ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದ್ದರು. ಎಡವಟ್ಟಾಗಿದ್ದು ಅಲ್ಲೇ. ಗ್ಯಾಲರಿಯಿಂದ ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಜೊತೆಗೆ ಒಳಗಿನ ಎಕ್ಸಿಫ್ ಮಾಹಿತಿಯನ್ನೂ, ಅಂದರೆ ಎಲ್ಲಿ, ಯಾವಾಗ ತೆಗೆದದ್ದು ಎಂದು ಕ್ಯಾಮೆರಾ ಫೈಲಿನೊಳಗೆ ಬರೆದಿಡುವ ವಿವರವನ್ನೂ, ತೆಗೆದುಹಾಕುತ್ತದೆ. ಡಾಕ್ಯುಮೆಂಟ್ ಆದರೆ ಮೂಲ ಫೈಲು ಇದ್ದ ಹಾಗೇ ಹೋಗುತ್ತದೆ: ಫೋನಿನ ಮಾಡೆಲ್, ತೆಗೆದ ಗಳಿಗೆ, ಅಕ್ಷಾಂಶ, ರೇಖಾಂಶ, ಎಷ್ಟೋ ಫೋನುಗಳಲ್ಲಿ ಕ್ಯಾಮೆರಾ ಯಾವ ದಿಕ್ಕಿಗೆ ತಿರುಗಿತ್ತು ಎಂಬುದೂ. ಇಮೇಲಿಗೆ ಅಂಟಿಸಿದರೂ ಹೀಗೆಯೇ.

ಮ್ಯಾಪ್ ಹಾಕಿದವನು ಎಚ್ಚರಿಸಲೆಂದೇ ಹಾಕಿದ್ದೆ ಎಂದ. ನನಗೆ ಅದು ಒಪ್ಪಿಗೆಯಿಲ್ಲ. ಫೈಲಿನೊಳಗೆ ಅಡಗಿದ್ದ ಅಂಕಿಯನ್ನು ಅವನು ಗುಂಪಿನಲ್ಲಿ ಎಲ್ಲರ ಕಣ್ಣೆದುರು ಇಟ್ಟ. ಹೇಳುವುದಿದ್ದರೆ ಫೋನ್ ಮಾಡಿ ಹೇಳಬಹುದಿತ್ತು, ಅವರೂ ತಕ್ಷಣ 'ಎಲ್ಲರಿಗೂ ಅಳಿಸಿ' ಒತ್ತುತ್ತಿದ್ದರು. ಅದಕ್ಕೆ ಎರಡು ದಿನಕ್ಕಿಂತ ತುಸು ಹೆಚ್ಚು ಅವಕಾಶವಿದೆ, ಆದರೆ ಅಷ್ಟರಲ್ಲಿ ಬೇರೆ ಕಡೆ ಉಳಿಸಿಕೊಂಡ ಪ್ರತಿ ಅಳಿಯುವುದಿಲ್ಲ.

"ಊರಿನ ಹೆಸ್ರೇ ಹಾಕಿಲ್ವಲ್ಲೋ." ಮಲೆನಾಡಿನಲ್ಲಿ ಊರಿನ ಹೆಸರು ಬೇಕಾಗಿಯೂ ಇಲ್ಲ. ಪೇಟೆಯಲ್ಲಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ತಪ್ಪಿದರೆ ಪಕ್ಕದ ಕಟ್ಟಡ, ಮೇಲಿನ ಮಹಡಿ ಎಂದು ಗೊಂದಲವಾಗುತ್ತದೆ. ಇಲ್ಲಿ ಒಂಟಿಮನೆ. ಕಾಡಿನ ನೆರಳಲ್ಲಿ ಐವತ್ತು ಮೀಟರ್ ತಪ್ಪಿದರೂ ಅದೇ ಮನೆ, ಅದೇ ತೋಟ. ಅಕ್ಷಾಂಶ, ರೇಖಾಂಶದಲ್ಲಿ ದಶಮಾಂಶದ ಎರಡೇ ಅಂಕಿ ಉಳಿಸಿದರೆ ಸಾಕು, ಸುಮಾರು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ ಎನ್ನುವವರಿದ್ದಾರೆ. ಆ ಒಂದು ಕಿಲೋಮೀಟರಿನಲ್ಲಿ ಇರುವುದೇ ಮೂರು ಮನೆ ಎಂದಾದರೆ ಮಸುಕಾಗಿದ್ದೇನು? ಇಲ್ಲಿ ಪೂರ್ತಿ ತೆಗೆಯುವುದೇ ಸರಿ. 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನ ಗಂಧದ ಮರ ಮಾಲೀಕನದೇ, ಆದರೆ ರಾತ್ರಿ ಗರಗಸ ಹಿಡಿದು ಬರುವವನಿಗೆ ಆ ಕಾನೂನು ಲೆಕ್ಕಕ್ಕಿಲ್ಲ.

ತೆಗೆಯುವುದು ಕಷ್ಟವಲ್ಲ. ಐಫೋನಿನಲ್ಲಿ ಶೇರ್ ಒತ್ತಿದಾಗ ಮೇಲೆ 'ಆಪ್ಷನ್ಸ್' ಕಾಣುತ್ತದೆ, ಅಲ್ಲಿ ಲೊಕೇಶನ್ ಆಫ್ ಮಾಡಬೇಕು. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದರೆ ಕೆಳಗೆ ವೈಯಕ್ತಿಕ ಮಾಹಿತಿ ತೆಗೆಯುವ ಕೊಂಡಿ ಇದೆ. ಹೊಸ ಪ್ರತಿ ಮಾಡುವ ಆಯ್ಕೆ ಆರಿಸಿ, ಆ ಪ್ರತಿಯನ್ನೇ ಕಳಿಸಿ. ಎಕ್ಸಿಫ್‌ಟೂಲ್ ಎಂಬ, ಈ ಮಾಹಿತಿ ಅಳಿಸುವ ಕಂಪ್ಯೂಟರ್ ತಂತ್ರಾಂಶ ಬಳಸುವವರು ಎರಡು ವಿಷಯ ನೋಡಿಕೊಳ್ಳಬೇಕು. ಅದು ಹಳೆಯ ಫೈಲನ್ನು 'ಒರಿಜಿನಲ್' ಎಂಬ ಬಾಲ ಸೇರಿಸಿ ಅದೇ ಫೋಲ್ಡರಿನಲ್ಲಿ ಉಳಿಸುತ್ತದೆ, ಸ್ಥಳ ಅದರಲ್ಲಿ ಹಾಗೇ ಇರುತ್ತದೆ. ಎಲ್ಲ ಮಾಹಿತಿಯನ್ನೂ ಒಟ್ಟಿಗೆ ಅಳಿಸಿದರೆ ಚಿತ್ರವನ್ನು ಯಾವ ಕಡೆಗೆ ತಿರುಗಿಸಿ ತೋರಿಸಬೇಕು ಎಂಬ ಗುರುತೂ ಹೋಗಿ ನಿಂತ ಮರ ಅಡ್ಡ ಮಲಗಬಹುದು. ಏನೂ ಬೇಡವೆಂದರೆ, ಎಲೆಯನ್ನು ಪರದೆಯಲ್ಲಿ ದೊಡ್ಡದು ಮಾಡಿ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ. ರೋಗ ಗುರುತಿಸಲು ಅಷ್ಟು ಸಾಕು.

ಇದಾವುದಕ್ಕೂ ಬಗ್ಗದ್ದು ಇನ್ನೊಂದಿದೆ. ಪಂಚಾಯಿತಿ ಕಾಮಗಾರಿಗೆಂದು ಹಾಕಿಕೊಂಡ ಜಿಪಿಎಸ್ ಕ್ಯಾಮೆರಾ ಆ್ಯಪ್‌ನಲ್ಲೇ ಮರ, ಹಾವು, ಮಕ್ಕಳು ಎಲ್ಲವನ್ನೂ ತೆಗೆಯುವವರು ನಮ್ಮಲ್ಲಿ ಬಹಳ. ಅದು ವಿಳಾಸವನ್ನು ಚಿತ್ರದ ಮೇಲೆಯೇ ಅಚ್ಚು ಹಾಕುತ್ತದೆ. ಮಾಹಿತಿ ಅಳಿಸಿದರೂ ಅಚ್ಚು ಹೋಗದು, ಆ ಪಟ್ಟಿಯನ್ನೇ ಕತ್ತರಿಸಬೇಕು.

ಹಾಗೆಂದು ಫೋನಿನ ಲೊಕೇಶನ್ನೇ ಬಂದ್ ಮಾಡಬೇಡಿ, ಬೆಳೆ ಸಮೀಕ್ಷೆ ಆ್ಯಪ್‌ಗೆ ಅದು ಬೇಕು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಆ್ಯಪ್‌ನ ಅನುಮತಿಗಳಿಗೆ ಹೋಗಿ ಅಲ್ಲಿ ಮಾತ್ರ ಲೊಕೇಶನ್ ನಿರಾಕರಿಸಿ. ಗ್ಯಾಲರಿಯಲ್ಲಿ ಈಗಾಗಲೇ ಇರುವ ಹಳೆಯ ಫೋಟೋಗಳಿಗೆ ಇದು ಅನ್ವಯಿಸುವುದಿಲ್ಲ, ಅವನ್ನು ಕಳಿಸುವಾಗ ಒಂದೊಂದಾಗಿಯೇ ನೋಡಬೇಕು.