ವಾಲ್ಯೂಮ್ ಇಳಿಸಿದರೆ ಮೃದಂಗದ ಗುಮ್ಕಿ ಎಲ್ಲಿ ಹೋಗುತ್ತದೆ?

ರಾತ್ರಿ ಹತ್ತೂವರೆ. ಮಗಳು ಮಲಗಿದ್ದಾಳೆ, ಪಕ್ಕದ ಫ್ಲ್ಯಾಟಿನವರೂ ಮಲಗಿರಬೇಕು. ಮಧ್ಯಾಹ್ನ ಕೇಳಿ ಖುಷಿಪಟ್ಟಿದ್ದ ಕಚೇರಿಯನ್ನೇ ಮೆಲ್ಲಗೆ ಹಾಕಿಕೊಂಡು ಕೂತರೆ ಏನೋ ಸಪ್ಪೆ. ಹಾಡು ಸ್ಪಷ್ಟವಾಗಿದೆ, ಪಿಟೀಲೂ ಇದೆ, ಆದರೆ ತಂಬೂರಿಯ ತುಂಬು ನಾದ ಇಲ್ಲ, ಮೃದಂಗದ ಎಡಗಡೆಯಿಂದ ಬರುವ ಗುಂ ಎನ್ನುವ ಮಂದ್ರ ನಾದ, ಆ ಗುಮ್ಕಿಯಂತೂ ಇಲ್ಲವೇ ಇಲ್ಲ, ಬಲಗಡೆಯ ಪೆಟ್ಟು ಮಾತ್ರ ಟಕ ಟಕ ಅನ್ನುತ್ತದೆ. ಇದು ಸ್ಪೀಕರ್‌ನ ದೋಷ ಅಂತಲೇ ನಂಬಿ ಒಂದು ವರ್ಷ ಹೊಸದಕ್ಕೆ ದುಡ್ಡು ಕೂಡಿಡುತ್ತಿದ್ದೆ. ಸ್ಪೀಕರ್ ಸರಿಯಾಗೇ ಇತ್ತು. ನಮ್ಮ ಕಿವಿ ಇರುವುದೇ ಹಾಗೆ.

1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಸದ್ದು ಕಡಿಮೆಯಾದಾಗ ಕಿವಿಗೆ ಮಂದ್ರದ ಸ್ವರಗಳು ಬೇರೆಲ್ಲಕ್ಕಿಂತ ಬೇಗ ಕೈಬಿಟ್ಟು ಹೋಗುತ್ತವೆ. 1000 ಹರ್ಟ್ಸ್‌ನ ಸ್ವರ 40 ಡೆಸಿಬೆಲ್‌ನಲ್ಲಿ ಎಷ್ಟು ಜೋರಾಗಿ ಕೇಳುತ್ತದೋ, 100 ಹರ್ಟ್ಸ್‌ನ ಮಂದ್ರ ಸ್ವರ ಅಷ್ಟೇ ಜೋರಾಗಿ ಕೇಳಬೇಕಾದರೆ ಅದಕ್ಕೆ 60 ಡೆಸಿಬೆಲ್‌ಗೂ ಜಾಸ್ತಿ ಬೇಕು. ವಾಲ್ಯೂಮ್ ಏರಿಸಿದಂತೆ ಈ ಅಂತರ ಕಡಿಮೆಯಾಗುತ್ತಾ ಬರುತ್ತದೆ. ಹಾಗಾಗಿ ನಾವು ನಾಬ್ ತಿರುಗಿಸುವಾಗ ಬರೀ ಸದ್ದು ಇಳಿಯುವುದಿಲ್ಲ, ಹಾಡಿನ ಬಣ್ಣವೇ ಬದಲಾಗುತ್ತದೆ. ಮೇಲಿಂದ ಫ್ಯಾನ್ ಬೇರೆ ತಿರುಗುತ್ತಿರುತ್ತದೆ ಅಲ್ವಾ, ತಂಬೂರಿಯ ಸಣ್ಣ ಜೀರು ಅದರಡಿ ಮುಳುಗಿಹೋಗುತ್ತದೆ.

ಹಳೇ ಆಂಪ್ಲಿಫೈಯರ್‌ಗಳಲ್ಲಿ ಮಂದ್ರವನ್ನು ಎತ್ತಿಕೊಡುವ ಲೌಡ್‌ನೆಸ್ ಅಂತ ಒಂದು ಬಟನ್ ಇರುತ್ತಿದ್ದುದು ಇದಕ್ಕೇ. ಎಷ್ಟೋ ಜನ ಅದನ್ನು ಬೇಸ್ ಬಟನ್ ಅಂದುಕೊಂಡು ಹಗಲೂ ರಾತ್ರಿ ಒತ್ತಿಟ್ಟು, ಜೋರಾಗಿ ಹಾಕಿದಾಗ ಗೊಮ್ಮೆನ್ನುತ್ತದೆ ಅಂತ ಬೈದದ್ದನ್ನು ಕೇಳಿದ್ದೇನೆ. ಅದು ಮೆಲ್ಲಗೆ ಕೇಳುವಾಗ ಮಾತ್ರ ಬೇಕಾದದ್ದು. ಯಮಹಾದ ಕೆಲವು ಆಂಪ್‌ಗಳಲ್ಲಿ ಬಟನ್ ಬದಲು ತಿರುಗಿಸುವ ನಾಬ್ ಇದೆ. ಮೊದಲು ನೀವು ಕೇಳುವ ಅತಿ ಜೋರಿನ ಮಟ್ಟಕ್ಕೆ ವಾಲ್ಯೂಮ್ ಇಟ್ಟು, ಆಮೇಲೆ ಲೌಡ್‌ನೆಸ್ ನಾಬ್‌ನಿಂದಲೇ ಇಳಿಸುತ್ತಾ ಬರಬೇಕು. ಇದೇ ಸರಿಯಾದ ದಾರಿ ಅಂತ ನನ್ನ ಅನಿಸಿಕೆ. ನನ್ನದರಲ್ಲಿ ಅದಿಲ್ಲ, ರಾತ್ರಿ ಹೊತ್ತು ಬೇಸ್ ನಾಬನ್ನು ಸ್ವಲ್ಪ ಏರಿಸಿಕೊಳ್ಳುತ್ತೇನೆ.

ಅಂಗಡಿಗೆ ಹೋಗುವವರು ದಯವಿಟ್ಟು ಇದೊಂದನ್ನು ನೆನಪಿಡಿ. ಎರಡು ಆಂಪ್ ಅಕ್ಕಪಕ್ಕ ಇಟ್ಟು ಕೇಳಿಸುವಾಗ ಒಂದು ಒಂದೇ ಒಂದು ಡೆಸಿಬೆಲ್ ಜೋರಾಗಿದ್ದರೂ ನಮಗೆ ಅದು ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ನಾನು ಒಮ್ಮೆ ಹೀಗೇ ದುಬಾರಿ ಆಂಪ್ ಒಂದನ್ನು ಮನೆಗೆ ತಂದೆ. ಆಮೇಲೆ ಒಂದೇ ಟೋನ್ ಹಾಕಿ, ಸ್ಪೀಕರ್ ತಂತಿಯ ಹತ್ತಿರ ಮಲ್ಟಿಮೀಟರ್ ಹಿಡಿದು, ಎರಡರ ವೋಲ್ಟೇಜನ್ನೂ ಸಮ ಮಾಡಿ ಕೇಳಿದೆ. ನನ್ನ ಹಳೆಯದಕ್ಕೂ ಅದಕ್ಕೂ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಹಾಗಂತ ಏರಿಸುತ್ತಲೇ ಹೋಗುವಂತಿಲ್ಲ. ಸದ್ದು ದುಪ್ಪಟ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಆಂಪ್‌ನಿಂದ ಹತ್ತು ಪಟ್ಟು ವ್ಯಾಟ್. 5 ವ್ಯಾಟ್ ಇದ್ದದ್ದು ಸೀದಾ 50ಕ್ಕೆ. ಚಿಕ್ಕ ಆಂಪ್ ಅಲ್ಲಿ ಸೋತು ಅಲೆಯ ತುದಿಗಳನ್ನು ಕತ್ತರಿಸುತ್ತದೆ, ಪಿಟೀಲು ಕರ್ಕಶವಾಗುತ್ತದೆ, ತಾರದ ಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಸುಟ್ಟುಹೋಗಲೂಬಹುದು. ಕಿವಿಯದೂ ಲೆಕ್ಕ ಇದೆ. ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಗಳಿಗೆ ಶಿಫಾರಸು ಮಾಡಿದ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ, 88 ಆದರೆ 4 ಗಂಟೆ.

ಈಗ ನಾನು ಮಾಡುವುದು ಇಷ್ಟು. ಕಣ್ಣು ಮುಚ್ಚಿ, ಹಾಡುವವರು ನಮ್ಮ ಹಾಲಿನಲ್ಲೇ ಎಂಟು ಅಡಿ ದೂರದಲ್ಲಿ ಮೈಕಿಲ್ಲದೆ ಕೂತಿದ್ದಾರೆ ಅಂದುಕೊಂಡು, ಆ ಅಳತೆಗೆ ಬರುವ ತನಕ ನಾಬ್ ತಿರುಗಿಸುತ್ತೇನೆ. ಒಂದೊಂದು ರೆಕಾರ್ಡಿಂಗ್‌ಗೆ ಒಂದೊಂದು ಜಾಗ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಫ್ಯಾನ್ ಆರಿಸಿ ಹಾಗೆ ಕೇಳಿದಾಗ ಆ ಗುಮ್ಕಿ ಎದೆಗೇ ಬಂದು ತಾಗುತ್ತದೆ.